ಪುಣೆಯ ಎಂಬಿಎ ಪ್ರಬಂಧ ಕಾರ್ಯಾಗಾರ: ಮೊದಲೆರಡು ಭಾನುವಾರ ಚಿನ್ನ, ಆಮೇಲೆ ಎಚ್ಚರ

ವಿದೇಶಿ ಎಂಬಿಎಗೆ ಅರ್ಜಿ ಹಾಕುವವರಿಗಾಗಿ ಡೆಕ್ಕನ್ ಜಿಮ್‌ಖಾನಾದಲ್ಲಿ ನಡೆಯುವ ನಾಲ್ಕು ಭಾನುವಾರಗಳ ಕಾರ್ಯಾಗಾರ ಇದು. ಹಿಂಜವಡಿಯ ಐಟಿ ಕಂಪನಿಗಳಲ್ಲಿರುವ ಹುಬ್ಬಳ್ಳಿ, ಬೆಳಗಾವಿ ಕಡೆಯ ಎಂಜಿನಿಯರುಗಳು ಇದರ ಬಗ್ಗೆ ಆಗಾಗ ವಿಚಾರಿಸುತ್ತಾರೆ.

ಮೊದಲ ದಿನದ ಪಾಠ ಐವರಿ ಕೋಸ್ಟ್‌ನ ತಿಜಾನ್ ತಿಯಾಮ್ ಅವರ ವೃತ್ತಿಪಥ. ಪ್ಯಾರಿಸ್‌ನಲ್ಲಿ ಎಂಜಿನಿಯರಿಂಗ್, ಸಲಹಾ ಕಂಪನಿ ಮೆಕಿನ್ಸಿ, 1988ರಲ್ಲಿ ಫ್ರಾನ್ಸ್‌ನ ಇನ್ಸಿಯಾಡ್ ಬಿಸಿನೆಸ್ ಸ್ಕೂಲ್‌ನಿಂದ ಎಂಬಿಎ. 1994ರಲ್ಲಿ ಮೆಕಿನ್ಸಿ ಬಿಟ್ಟು ತಾಯ್ನಾಡಿನ ಅಬಿಜಾನ್ ನಗರಕ್ಕೆ ಮರಳಿ ಸರ್ಕಾರಿ ಹುದ್ದೆ, ಆಮೇಲೆ ಮಂತ್ರಿಗಿರಿ. 1999ರ ಸೇನಾ ದಂಗೆಯಿಂದ ಅದೂ ಹೋಯಿತು. ಮತ್ತೆ ಪ್ಯಾರಿಸ್, ಬ್ರಿಟನ್ನಿನ ವಿಮಾ ಕಂಪನಿ ಅವಿವಾ, 2009ರಲ್ಲಿ ಇನ್ನೊಂದು ವಿಮಾ ಕಂಪನಿ ಪ್ರುಡೆನ್ಷಿಯಲ್‌ನ ಸಿಇಒ: ಎಫ್‌ಟಿಎಸ್‌ಇ 100ರ (ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಪಟ್ಟಿ) ಕಂಪನಿಯೊಂದನ್ನು ಮುನ್ನಡೆಸಿದ ಮೊದಲ ಕಪ್ಪು ವರ್ಣೀಯ. ಪ್ರತಿ ತಿರುವಿನ ಮುಂದೆಯೂ ಮೂರು ಕಾಲಮ್ ತುಂಬಿಸುತ್ತಾರೆ: ಬಿಟ್ಟದ್ದೇನು, ಕಲಿತದ್ದೇನು, ಅದರಿಂದ ಮುಂದೆ ತೆರೆದ ಬಾಗಿಲು ಯಾವುದು. ಬಡ್ತಿಗಳ ಪಟ್ಟಿಯಲ್ಲಿ ಹಿನ್ನಡೆಯಂತೆ ಕಾಣುವ 1994ರ ನಿರ್ಧಾರವೇ ಇಡೀ ಕಥೆಯ ಬೆನ್ನೆಲುಬು ಎಂಬುದು ಆಗ ಹೊಳೆಯುತ್ತದೆ. ಊರಿಗೆ ಮರಳುವುದೋ ಹೊರಗೇ ಬೆಳೆಯುವುದೋ ಎಂಬ ಪ್ರಶ್ನೆ ನಮ್ಮವರದ್ದೂ ಹೌದಲ್ಲ!

ಎರಡನೇ ಭಾನುವಾರ ಅದೇ ಕಾಲಮ್‌ಗಳಲ್ಲಿ ನಿಮ್ಮ ವೃತ್ತಿ. "ಮೂರು ವರ್ಷ ಟೆಸ್ಟಿಂಗ್, ಎರಡು ವರ್ಷ ಡೆವಲಪ್‌ಮೆಂಟ್" ಎಂಬ ಒಣ ಸಾಲು ಕಾರಣವುಳ್ಳ ನಿರ್ಧಾರವಾಗಿ ಬದಲಾಗುತ್ತದೆ. ಓದು ಮುಗಿದಂದಿನಿಂದ ಇಡೀ ವೃತ್ತಿಯನ್ನು ವಿವರಿಸಿ ಎನ್ನುವ ಇನ್ಸಿಯಾಡ್ ಮಾದರಿಯ ಪ್ರಶ್ನೆಗೆ ಇದೇ ಕರಡು.

ಮೂರನೇ ವಾರದಿಂದ ಹಳಿ ತಪ್ಪುತ್ತದೆ. ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಹಾಳೆಯಲ್ಲಿ ಇನ್ನೂ "700 ಗುರಿ" ಎಂದಿದೆ. 2023ರ ನವೆಂಬರ್‌ನಲ್ಲಿ ಬಂದ ಹೊಸ ಪರೀಕ್ಷೆಯ ಅಂಕ 205ರಿಂದ 805. ಎಲ್ಲ ಮೊತ್ತವೂ 5ರಲ್ಲೇ ಮುಗಿಯುವುದರಿಂದ 700 ಬರುವುದೇ ಇಲ್ಲ. ತಲಾ 45 ನಿಮಿಷದ ಮೂರು ವಿಭಾಗಗಳಿವೆ, ಪ್ರಬಂಧ ಬರೆಯುವ ಭಾಗ ಈಗಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಶಿಫಾರಸು ಪತ್ರದ ಸಲಹೆ. ನೀವೇ ಬರೆದು ಮ್ಯಾನೇಜರ್ ಕೈಗೆ ಕೊಡಿ ಎನ್ನುತ್ತಾರೆ. ಹಾಗೆ ಮಾಡಲೇಬೇಡಿ. ಪತ್ರ ಸಲ್ಲಿಸುವ ಲಿಂಕನ್ನು ಬಿಸಿನೆಸ್ ಸ್ಕೂಲ್ ಕಳಿಸುವುದು ಶಿಫಾರಸುದಾರರಿಗೇ. ಎರಡು ಪತ್ರಗಳ ಶೈಲಿ ಪ್ರಬಂಧದ ಶೈಲಿಗೆ ಹೊಂದಿದರೆ ಓದುವವರಿಗೆ ಗೊತ್ತಾಗುತ್ತದೆ, ಅರ್ಜಿಯೇ ಬಿದ್ದುಹೋಗಬಹುದು. ಕೊನೆಯ ದಿನಾಂಕಕ್ಕೆ ಆರು ವಾರ ಮೊದಲೇ, ನೀವು ಮಾಡಿದ ನಾಲ್ಕೈದು ಕೆಲಸಗಳನ್ನು ಅಂಕಿಅಂಶ ಸಮೇತ ಒಂದು ಪುಟದಲ್ಲಿ ಬರೆದುಕೊಡಿ. ಪತ್ರ ಅವರೇ ಬರೆಯಲಿ, ಕಚೇರಿಯ ಇಮೇಲ್‌ನಿಂದಲೇ ಹೋಗಲಿ.

ವಿಟಿಯು ಅಥವಾ ಧಾರವಾಡದ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ದಾಖಲೆ) ತರಿಸುವ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ. ಅದನ್ನು ಮೊದಲೇ ಶುರುಮಾಡಿ.

ಮೊದಲ ಎರಡು ವಾರಕ್ಕಷ್ಟೇ ಸೇರಿಸಿಕೊಳ್ಳುತ್ತಾರಾ ಎಂದು ಕೇಳಿನೋಡಿ. ಒಪ್ಪಿದರೆ ಅಷ್ಟು ಸಾಕು.