ಹಳೇ 207, ಬೊಲೆರೊ ಪಿಕಪ್: ಶಿರಾಡಿಯಲ್ಲಿ ಒಂದೇ ಲೋಡು, ಎರಡು ಲೆಕ್ಕ

ನಮ್ಮ ಅಂಗಳದಲ್ಲಿ ಎರಡು ಪಿಕಪ್ ನಿಲ್ಲುತ್ತವೆ. ಒಂದು ಅಪ್ಪ ಕೊಂಡಿದ್ದ 2006ರ ಟಾಟಾ 207 ಡಿಐ. ಇನ್ನೊಂದು ಭಾವನ 2018ರ ಮಹೀಂದ್ರಾ ಬೊಲೆರೊ ಪಿಕಪ್. ಶುಂಠಿ ಕೀಳುವ ಕಾಲ ಬಂತೆಂದರೆ ಎರಡಕ್ಕೂ ಹಾಸನದಿಂದ ಮಂಗಳೂರಿಗೆ ಓಡಾಟ. ಆಗೆಲ್ಲ ಮನೆಯಲ್ಲಿ ಇದೊಂದೇ ಮಾತು.

"207 ಕೊಟ್ಬಿಡು ಕಣೋ. ಅದು ಡೀಸೆಲ್ ಕುಡಿಯೋ ಲೆಕ್ಕಕ್ಕೆ ನಿನ್ ಬಾಡಿಗೇಲಿ ಏನೂ ಉಳಿಯಲ್ಲ."

"ಅದೆಷ್ಟು ಕುಡಿಯುತ್ತೆ ಅಂತ ಒಂದ್ಸಲ ಅಳೆದು ನೋಡಾಣ ಭಾವ. ಆಮೇಲೆ ನೀವು ಹೇಳಿದಂಗೆ ಮಾಡ್ತೀನಿ."

ಹಾಗೆ ಶುರುವಾಗಿದ್ದು ಜನವರಿಯಿಂದ ಮಾರ್ಚ್‌ವರೆಗೆ ನಡೆಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ದೋಣಿಗಾಲ್ ಹತ್ತಿರ ಗುಡ್ಡ ಜರಿದರೆ ಅರ್ಧ ದಿನ ಇಂಜಿನ್ ಚಾಲೂ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬೇಸಿಗೆಯ ಒಣ ರಸ್ತೆಯಲ್ಲಿ ಹೋಲಿಸಿದರೆ ಮಾತ್ರ ನ್ಯಾಯ ಅನ್ನಿಸಿತು.

ಲೋಡು ಒಂದೇ: 60 ಕಿಲೋದ 20 ಮೂಟೆ ಶುಂಠಿ, 1,200 ಕಿಲೋ, ವೇಬ್ರಿಡ್ಜ್ ಮೇಲೆ ಹತ್ತಿಸಿ ನೋಡಿದ್ದು. ವಾಪಸ್ ಬರುವಾಗ 400 ಮಂಗಳೂರು ಹಂಚು. ಒಂದು ಹಂಚು ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಅಂದರೆ ಒಂದು ಟನ್. ದಾರಿಯೂ ಒಂದೇ: ಸಕಲೇಶಪುರ, ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡು, ಬಂದರಿನ ಮಂಡಿ. ಹೋಗಿ ಬರಲು 350 ಕಿಲೋಮೀಟರ್. ಹೊರಡುವಾಗ ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಬಂದ ಮೇಲೆ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತುಂಬಿಸುವುದು. ಪೈಪು ಮೊದಲ ಸಲ ಟಕ್ ಅಂದಾಗ ನಿಲ್ಲಿಸಬೇಕು, ಮೇಲೆ ಒಂದು ತೊಟ್ಟೂ ಸುರಿಯುವಂತಿಲ್ಲ. "500 ರೂಪಾಯಿಗೆ ಹಾಕು" ಅಂತ ಹಾಕಿಸಿ, ಮುಳ್ಳು ನೋಡಿ ಮೈಲೇಜು ಹೇಳುವವರ ಮಾತನ್ನು ನಾನು ನಂಬುವುದಿಲ್ಲ.

ಮೊದಲ ಸುತ್ತಿನಲ್ಲೇ ಒಂದು ಪಾಠ ಆಯಿತು. 207 ಮೀಟರಿನಲ್ಲಿ 365 ಕಿಲೋಮೀಟರ್ ಬಂದಿತ್ತು, ಹಾಕಿಸಿದ್ದು 36.5 ಲೀಟರ್. ಸರಿಯಾಗಿ ಹತ್ತು! "ಹತ್ತು ಕೊಡುತ್ತೆ" ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದದ್ದು ಇದನ್ನೇ. ಆದರೆ ಭಾವನ ಗಾಡಿ ಅದೇ ದಾರಿಗೆ 350 ತೋರಿಸಿತ್ತು. ಮಾರನೇ ದಿನ ಹೆದ್ದಾರಿಯ ಕಿಲೋಮೀಟರ್ ಕಲ್ಲು ಎಣಿಸುತ್ತಾ ಹೋದೆ. 30 ಕಲ್ಲು ದಾಟುವಷ್ಟರಲ್ಲಿ 207 ಮೀಟರು 31.3 ಓಡಿತ್ತು. ಸವೆದ ಟೈರಿನ ಸುತ್ತಳತೆ ಕಮ್ಮಿಯಾಗಿರುತ್ತದೆ, ಅಷ್ಟೇ ದೂರಕ್ಕೆ ಚಕ್ರ ಹೆಚ್ಚು ಸಲ ತಿರುಗುತ್ತದೆ. ಮೀಟರು ಎಣಿಸುವುದು ಚಕ್ರದ ಸುತ್ತನ್ನೇ ಹೊರತು ರಸ್ತೆಯನ್ನಲ್ಲ. ಹಾಗಾಗಿ ನಿಜವಾದ ಲೆಕ್ಕ 350ನ್ನು 36.5ರಿಂದ ಭಾಗಿಸಿದರೆ ಬರುವ 9.6. ಇಷ್ಟು ವರ್ಷ ನಾವು ಹೆಚ್ಚಿಗೆ ಹೇಳಿಕೊಂಡು ಬಂದಿದ್ದೆವು. ಹಳೇ ಗಾಡಿ ಕೊಳ್ಳಲು ಹೋದಾಗ ಯಾರಾದರೂ ಮೈಲೇಜು ಹೇಳಿದರೆ ಮೊದಲು ಟೈರು ನೋಡಿ.

ಅದೇ ವಾರ ಬೊಲೆರೊ 30.7 ಲೀಟರ್ ತೆಗೆದುಕೊಂಡಿತು. ಮೈಲೇಜು 11.4. ಭಾವನ ಮಾತು ನಿಜವಾದಂತೆ ಕಂಡಿತು.

ಎರಡೂ ಇಂಜಿನ್ ಬೇರೆ ಬೇರೆ ಕಾಲದವು. 207ರದ್ದು 2956 ಸಿಸಿ, 97 ಮಿಲಿಮೀಟರ್ ಬೋರು (ಸಿಲಿಂಡರಿನ ಒಳಗಿನ ಅಗಲ), 100 ಮಿಲಿಮೀಟರ್ ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ), ಡೀಸೆಲ್ ಬಿಡುವುದೆಲ್ಲ ಪಂಪಿನ ಕೆಲಸ. ಪಂಪು ಒತ್ತಿದಾಗ ನಾಝಲ್ ತೆರೆದುಕೊಂಡು ಚಿಮ್ಮಿಸುತ್ತದೆ, ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬೊಲೆರೊದ್ದು 2523 ಸಿಸಿ. ಅದರ ಬೋರು 88.9, ಸ್ಟ್ರೋಕು 101.6 ಮಿಲಿಮೀಟರ್. ಅಂಗುಲದಲ್ಲಿ ಸರಿಯಾಗಿ ಮೂರೂವರೆ ಮತ್ತು ನಾಲ್ಕು. ಅಳತೆಯಲ್ಲೇ ಹಳೇ ವಂಶ ಗೊತ್ತಾಗುತ್ತದೆ. ಆದರೆ ಮೇಲೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ, ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಇದೆ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಮಂಜಿನಂತೆ ಒಳಗೆ ಹೋಗುತ್ತದೆ, ಯಾವಾಗ ಎಷ್ಟು ಬಿಡಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ದೇಶಕ್ಕೆಲ್ಲ ಬಿಎಸ್-4 ಹೊಗೆ ನಿಯಮ ಬಂದದ್ದು 2017ರ ಏಪ್ರಿಲ್‌ನಲ್ಲಿ, ಈ ಗಾಡಿ ಆಮೇಲಿನದು.

ಇಲ್ಲಿಗೇ ನಿಲ್ಲಿಸಿದ್ದರೆ 207 ಇಷ್ಟು ಹೊತ್ತಿಗೆ ಮಾರಾಟವಾಗಿರುತ್ತಿತ್ತು. ಆದರೆ ಏರು ಹತ್ತುವಾಗ ಹಿಂದೆ ಕಪ್ಪು ಹೊಗೆ ಕಾಣುತ್ತಿತ್ತು, ಹಿಂದಿನ ಬೈಕಿನವರು ಮುಖ ಮುಚ್ಚಿಕೊಳ್ಳುವಷ್ಟು. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದ ಡೀಸೆಲ್, ನಮ್ಮ ದುಡ್ಡೇ ಹಾರಿಹೋಗುವುದು. ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ "ಎಳೆತ ಕಮ್ಮಿ" ಅಂದದ್ದಕ್ಕೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟಿದ್ದರು. ಆಗ ಖುಷಿಯಾಗಿತ್ತು. ಈಗ ಪಂಪು ಬಿಚ್ಚಿಸಿ ಬೆಂಚಿನ ಮೇಲೆ ಕ್ಯಾಲಿಬ್ರೇಶನ್ ಮಾಡಿಸಿದೆ, ಅಂದರೆ ಡೀಸೆಲ್ ಬಿಡುವ ಅಳತೆ ಸರಿಪಡಿಸಿದೆ, ನಾಲ್ಕು ನಾಝಲ್ ಪರೀಕ್ಷೆ ಮಾಡಿಸಿ ಎರಡು ಬದಲಾಯಿಸಿದೆ, ಏರ್ ಫಿಲ್ಟರ್ ಹೊಸದು ಹಾಕಿದೆ. ಒಟ್ಟು 9,500 ರೂಪಾಯಿ.

ಮುಂದಿನ ಮಂಗಳೂರು ಸುತ್ತಿಗೆ ಹೋದದ್ದು 32.4 ಲೀಟರ್. 9.6 ಇದ್ದದ್ದು 10.8 ಆಯಿತು. ಒಂದು ಸುತ್ತಿಗೆ 4.1 ಲೀಟರ್ ಉಳಿತಾಯ. ಲೀಟರಿಗೆ 90 ರೂಪಾಯಿ ಹಿಡಿದರೆ 369 ರೂಪಾಯಿ. ಹಾಕಿದ ದುಡ್ಡು 26 ಸುತ್ತಿನಲ್ಲಿ ವಾಪಸ್. ಎಳೆತ ಕಮ್ಮಿಯಾಯಿತೇ ಅಂದರೆ, ಆಯಿತು. ಹಂಚು ಹೊತ್ತು ಗುಂಡ್ಯದಿಂದ ಸಕಲೇಶಪುರಕ್ಕೆ ಮೊದಲು 1 ಗಂಟೆ 9 ನಿಮಿಷ, ಈಗ 1 ಗಂಟೆ 12 ನಿಮಿಷ. ಮೂರು ನಿಮಿಷಕ್ಕಾಗಿ ಇಷ್ಟು ವರ್ಷ ನಾಲ್ಕು ಲೀಟರ್ ಸುಟ್ಟಿದ್ದೇವಲ್ಲ ಅಂತ ಆ ರಾತ್ರಿ ನಿಜಕ್ಕೂ ಸಂಕಟವಾಯಿತು.

ಇನ್ನು ಕಾಲಿನ ವಿಷಯ. ಭಾವ ನೇರ ರಸ್ತೆ ಸಿಕ್ಕಿದರೆ 80ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ನಾನು 207ನ್ನು 65ರಲ್ಲಿ ಓಡಿಸುತ್ತಿದ್ದೆ. ಇಬ್ಬರೂ 55 ದಾಟಬಾರದು ಅಂತ ಒಪ್ಪಂದ ಮಾಡಿಕೊಂಡೆವು. ಟೈರಿನ ಗಾಳಿ ನೋಡಿದರೆ 207ರ ಹಿಂದಿನ ಎರಡರಲ್ಲೂ ಬೇಕಾದ್ದಕ್ಕಿಂತ 12 ಪಿಎಸ್‌ಐ ಕಮ್ಮಿ ಇತ್ತು, ತುಂಬಿಸಿದೆ. ಟಾರ್ಪಾಲನ್ನು ಗಾಳಿಗೆ ಪಟಪಟ ಅನ್ನದಂತೆ ಬಿಗಿದು ಕಟ್ಟಿದೆವು. ಓಡಿಸುವವರ ಕೈಗುಣ ಲೆಕ್ಕದಲ್ಲಿ ಸೇರಬಾರದು ಅಂತ ಗಾಡಿ ಅದಲು ಬದಲು ಮಾಡಿಕೊಂಡು ತಲಾ ಮೂರು ಸುತ್ತು ಹೋದೆವು.

207ರ ಸರಾಸರಿ 31 ಲೀಟರ್, ಅಂದರೆ 11.3. ಬೊಲೆರೊದ್ದು 27.1 ಲೀಟರ್, ಅಂದರೆ 12.9.

ಈ ಅಂಕಿಯನ್ನು ಮೊದಲಿನದರ ಪಕ್ಕ ಇಟ್ಟು ನೋಡಿ. 80ರಲ್ಲಿ ಓಡಿದ ಬೊಲೆರೊ 30.7 ಲೀಟರ್ ಕುಡಿದಿತ್ತು. 55ರಲ್ಲಿ ಓಡಿದ 207 ಕುಡಿದದ್ದು 31. ಹನ್ನೆರಡು ವರ್ಷ ಹಳೆಯ, ಹೆಚ್ಚು ಸಿಸಿಯ, ಪಂಪಿನ ಇಂಜಿನ್ ಹೊಸದಕ್ಕೆ ಬರೀ ಮೂರು ನೂರು ಎಂಎಲ್ ಹಿಂದೆ! ಗಾಳಿಯ ಎದುರು ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 55ರಿಂದ 80ಕ್ಕೆ ಹೋದರೆ ಅದು ದುಪ್ಪಟ್ಟು ದಾಟುತ್ತದೆ. ಮೂಟೆ ಏರಿಸಿ ಟಾರ್ಪಾಲು ಕಟ್ಟಿದ ಪಿಕಪ್ ಅಂದರೆ ಗಾಳಿಗೆ ಎದುರಾಗಿ ಹೋಗುವ ಒಂದು ಗೋಡೆ. 80ರಲ್ಲಿ ಓಡಿಸಿ ಭಾವ ಉಳಿಸಿದ್ದು ಒಂದು ಕಡೆಗೆ ಬರೀ 20 ನಿಮಿಷ. ಯಾಕೆಂದರೆ ಆ ದಾರಿಯಲ್ಲಿ 80 ಹೋಗಲು ಆಗುವ ಜಾಗವೇ ಕಮ್ಮಿ, ಮಿಕ್ಕಿದ್ದೆಲ್ಲ ಘಾಟಿ, ಲಾರಿ ಸಾಲು, ಊರುಗಳ ಉಬ್ಬು.

ಘಾಟಿಯಲ್ಲಿ ಎರಡರ ಸ್ವಭಾವ ಬೇರೆ. ಬೊಲೆರೊ 1400 ಆರ್‌ಪಿಎಂ ದಾಟಿದ ಮೇಲೆ ಟರ್ಬೊ ಹಿಡಿದುಕೊಂಡು ಚೆನ್ನಾಗಿ ಎಳೆಯುತ್ತದೆ. ಗುಂಡ್ಯದಿಂದ ಸಕಲೇಶಪುರಕ್ಕೆ 1 ಗಂಟೆ 5 ನಿಮಿಷ, 207ಗಿಂತ ಏಳು ನಿಮಿಷ ಮುಂದೆ. ಆದರೆ ತಿರುವಿನಲ್ಲಿ ಮುಂದಿನ ಟ್ಯಾಂಕರ್ ನಿಧಾನವಾಗಿ ಆರ್‌ಪಿಎಂ ಕೆಳಗಿಳಿಯಿತೋ, ಇಂಜಿನ್ ಮಂಕಾಗುತ್ತದೆ. ತಕ್ಷಣ ಗೇರು ಇಳಿಸದಿದ್ದರೆ ನಡುಗುತ್ತದೆ. 207 ಅಲ್ಲಿ ಆನೆಯ ಹಾಗೆ, ಆರ್‌ಪಿಎಂ ಬಿದ್ದರೂ ಗುಟುರು ಹಾಕುತ್ತ ಹತ್ತುತ್ತದೆ, ಅದೇ ಗೇರಿನಲ್ಲಿ ಮತ್ತೆ ಎದ್ದು ಬರುತ್ತದೆ. ಲಾರಿ ಸಾಲು ಇರುವ ದಿನ ನನಗೆ 207 ಹತ್ತಿಸುವುದೇ ಹಗುರ. ಕ್ಲಚ್ಚಿನ ಮೇಲಿನ ಕಾಲಿಗೂ ವಿಶ್ರಾಂತಿ.

ಇನ್ನೊಂದು ಲೆಕ್ಕ ಹಾಕಿ ನೋಡಿದ್ದು ನನಗೆ ತುಂಬಾ ಹಿಡಿಸಿತು. ಗಾಡಿ, ಹಂಚು, ಇಬ್ಬರು ಸೇರಿ ಸುಮಾರು 2.8 ಟನ್. ಗುಂಡ್ಯದಿಂದ ಸಕಲೇಶಪುರದವರೆಗೆ ಮೇಲೇರುವುದು ಸುಮಾರು 800 ಮೀಟರ್. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 22 ಮೆಗಾಜೂಲ್. ಒಂದು ಲೀಟರ್ ಡೀಸೆಲಿನಲ್ಲಿ ಇರುವುದು ಸುಮಾರು 36 ಮೆಗಾಜೂಲ್, ಅದರಲ್ಲಿ ಚಕ್ರಕ್ಕೆ ತಲುಪುವುದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಅಂದರೆ ಘಾಟಿ ಹತ್ತಿಸಿದ್ದಕ್ಕೇ ಎರಡು ಲೀಟರ್ ಹೋಗುತ್ತದೆ, ಗಾಡಿ ಯಾವುದಾದರೂ ಸರಿ. ಈ ಎರಡು ಲೀಟರಿನಲ್ಲಿ ಯಾರೂ ಏನೂ ಉಳಿಸಲಾರರು, ಹಂಚು ಕಮ್ಮಿ ಹೇರದ ಹೊರತು.

ಇಳಿಯುವಾಗ ನ್ಯೂಟ್ರಲ್ ಹಾಕುವ ಅಭ್ಯಾಸ ಭಾವನಿಗಿತ್ತು. ಡೀಸೆಲ್ ಉಳಿಯುತ್ತೆ ಅಂತ. ಬೇಡ ಅಂತ ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ, ಮೊದಲ ಸುತ್ತಿನಲ್ಲೂ ಹಾಗೇ ಇಳಿಸಿದ್ದರು. ಗುಂಡ್ಯದಲ್ಲಿ ಟೀ ಕುಡಿಯಲು ನಿಂತಾಗ ಬ್ರೇಕ್ ಡ್ರಮ್ಮಿನ ಸುಟ್ಟ ವಾಸನೆ ಬರುತ್ತಿತ್ತು. ಗೇರಿನಲ್ಲಿ, ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಕಾಮನ್ ರೈಲ್ ಇಂಜಿನ್ನಿಗೆ ಡೀಸೆಲ್ ಪೂರ್ತಿ ನಿಂತುಹೋಗುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ಹಳೇ ಪಂಪಿನಲ್ಲಿ ಡೀಸೆಲ್ ಅಳತೆ ನೋಡಿಕೊಳ್ಳುವ ಗವರ್ನರ್ ಕೂಡ ಹಾಗೇ ಕಟ್ ಮಾಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗೆ ಡೀಸೆಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಬ್ರೇಕಿನ ಜೀವವೂ ಇಲ್ಲ. ಭಾವನಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತು. ಅಕ್ಕನ ಮಕ್ಕಳೂ ಆ ಗಾಡಿಯಲ್ಲಿ ಕೂರುತ್ತಾರೆ. ಅವತ್ತಿನಿಂದ ಹತ್ತುವ ಗೇರಿನಲ್ಲೇ ಇಳಿಸುತ್ತಿದ್ದಾರೆ.

ಖಾಲಿ ಗಾಡಿಯಲ್ಲಿ ಅಂತರ ಹೆಚ್ಚುತ್ತದೆ. 207 ಕೊಟ್ಟದ್ದು 12.1, ಬೊಲೆರೊ 14.6. ದೊಡ್ಡ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಖರ್ಚು ಮಾಡುವ ಡೀಸೆಲ್, ಲೋಡು ಇಲ್ಲದಾಗ ಎದ್ದು ಕಾಣುತ್ತದೆ. ಊರೊಳಗೆ ಹೊಲದಿಂದ ಮನೆಗೆ, ಮನೆಯಿಂದ ಕಣಕ್ಕೆ ಮೂರು ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ ಮಾತ್ರ 207ರದ್ದು 8.4, ಬೊಲೆರೊದ್ದು 9.0. ಅಲ್ಲಿ ಎರಡೂ ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ರಿಪೇರಿ ಖರ್ಚನ್ನು ಬಿಟ್ಟು ಮೈಲೇಜು ಮಾತಾಡುವುದು ಅರ್ಧ ಲೆಕ್ಕ. ಫೆಬ್ರವರಿಯಲ್ಲಿ ದಾರಿಯ ಒಂದು ಬಂಕಿನಲ್ಲಿ ಹಾಕಿಸಿದ ಡೀಸೆಲಿನಲ್ಲಿ ನೀರು ಸೇರಿತ್ತು. ಎರಡೂ ಗಾಡಿಗೆ ಹಾಕಿಸಿದ್ದೆವು. 207 ಮಿಸ್ ಹೊಡೆಯಿತು. ಫಿಲ್ಟರ್ ಬಿಚ್ಚಿ ನೀರು ಚೆಲ್ಲಿ, ಕೈಪಂಪು ಒತ್ತಿ ಗಾಳಿ ತೆಗೆದೆ, ಅರ್ಧ ಗಂಟೆಯಲ್ಲಿ ಹೊರಟಿತು. ಬೊಲೆರೊಗೆ ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರ್ ಹೋಯಿತು. ಸ್ಕ್ಯಾನರ್ ಇರುವ ಕಡೆಗೆ ಎಳೆಸಿಕೊಂಡು ಹೋಗಿ 14,000 ಕೊಟ್ಟು ಬಂದೆವು. ಅಷ್ಟು ಸಣ್ಣ ತೂತಿನಲ್ಲಿ ಅಷ್ಟು ಒತ್ತಡದಲ್ಲಿ ಕೆಲಸ ಮಾಡುವ ಸಾಮಾನು ನೀರನ್ನು ತಡೆಯುವುದಿಲ್ಲ, ಅದು ಗಾಡಿಯ ತಪ್ಪಲ್ಲ. ಕಾಮನ್ ರೈಲ್ ಗಾಡಿ ಇಟ್ಟುಕೊಂಡವರು ಫಿಲ್ಟರಿನ ತಳದ ನೀರನ್ನು ತಪ್ಪದೆ ಬಿಡುತ್ತಿರಬೇಕು. ಅದನ್ನು ನಾವೇ ಮಾಡಿರಲಿಲ್ಲ.

ಅಂತರ ಒಂದು ಸುತ್ತಿಗೆ 3.9 ಲೀಟರ್, 351 ರೂಪಾಯಿ. ವರ್ಷಕ್ಕೆ ನಲವತ್ತು ಮಂಗಳೂರು ಸುತ್ತು ಹಿಡಿದರೆ 14,000 ಚಿಲ್ಲರೆ, ಆ ಒಂದು ಇಂಜೆಕ್ಟರಿನಷ್ಟೇ. ಅಷ್ಟಕ್ಕಾಗಿ 207 ಕೊಟ್ಟು, ಲಕ್ಷಗಟ್ಟಲೆ ಸಾಲ ಮಾಡಿ ಇನ್ನೊಂದು ತರುವುದು ನನಗೆ ಸರಿ ಕಾಣಲಿಲ್ಲ. 207ಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಓಡಾಟ ಇದೆ ನಿಜ, ಬಾಡಿ ತುಕ್ಕು ನೋಡಿಕೊಳ್ಳಬೇಕು, ಅದೂ ನಿಜ. ಆದರೆ ದಿನಕ್ಕೆ ನೂರಾರು ಕಿಲೋಮೀಟರ್ ಬಾಡಿಗೆ ಓಡಿಸುವವರು, ಅದರಲ್ಲೂ ಒಂದು ಕಡೆ ಖಾಲಿ ಬರುವವರು ಕೇಳಿದರೆ ಬೊಲೆರೊನೇ ತಗೊಳ್ಳಿ ಅನ್ನುತ್ತೇನೆ.

ಕೊನೆಯ ಸುತ್ತಿನ ಬಿಲ್ಲು ನೋಡಿ ಭಾವ ಕೇಳಿದರು: "ಹಂಗಾರೆ ಮಾರಲ್ಲ ಅಂತೀಯ?"

"ಇಲ್ಲ ಭಾವ. ಗೊಬ್ಬರ, ಜಲ್ಲಿ ನನ್ನ ಗಾಡಿಗಿರಲಿ. ಮಂಗಳೂರಿಗೆ ನಿಮ್ಮದು ಹೋಗ್ಲಿ, 55 ದಾಟ್ಬೇಡಿ."

ಈಗ ಹಾಗೇ ನಡೆದಿದೆ. ಎರಡೂ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದೊಂದು ನೋಟ್‌ಬುಕ್ ಇದೆ. ಡೀಸೆಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರ್, ಕಿಲೋಮೀಟರ್, ಲೋಡು ಬರೆಯುತ್ತೇವೆ. 207ರ ಹೊಸ ಟೈರು ಹಾಕಿಸಿದ ಮೇಲೆ ಕಲ್ಲು ಎಣಿಸುವ ಕೆಲಸವನ್ನು ಇನ್ನೊಮ್ಮೆ ಮಾಡಬೇಕು.