ಚೀಸ್ ಪಾಸ್ತಾಕ್ಕೆ ಯಾವ ಕುಕ್ಕರ್? 3 ಲೀಟರ್, ಸ್ಟೀಲ್, ದಪ್ಪ ತಳ

ಅನ್ನಕ್ಕೆ, ಬೇಳೆಗೆ ಯಾವ ಕುಕ್ಕರ್ ಆದರೂ ನಡೆಯುತ್ತದೆ. ಬೇಳೆ ಎರಡು ಕೂಗು ಹೆಚ್ಚಾದರೆ ಸಾರಿಗೆ ಒಳ್ಳೆಯದೇ. ಪಾಸ್ತಾ ಎರಡು ನಿಮಿಷ ಹೆಚ್ಚು ಬೆಂದರೆ ಮುದ್ದೆಯಾಗುತ್ತದೆ, ಆಮೇಲೆ ಎಷ್ಟು ಚೀಸ್ ಸುರಿದರೂ ಸರಿಹೋಗುವುದಿಲ್ಲ. ಆದ್ದರಿಂದ ಈ ಅಡುಗೆಗೆ ಕುಕ್ಕರ್ ಕೊಳ್ಳುವವರು ಎರಡು ವಿಷಯ ನೋಡಿದರೆ ಸಾಕು: ತಳ ಹಿಡಿಯುತ್ತದೆಯೇ, ಒಲೆ ಆರಿಸಿದ ಮೇಲೆ ಆವಿಯನ್ನು ಬೇಗ ಇಳಿಸಲು ಬರುತ್ತದೆಯೇ. ಈ ಲೆಕ್ಕದಲ್ಲಿ ದಾವಣಗೆರೆಯ ಪಾತ್ರೆ ಅಂಗಡಿಗಳಲ್ಲಿ ಸಿಗುವ ಬಗೆಗಳ ಪೈಕಿ ನಮ್ಮ ಮತ 3 ಲೀಟರಿನ, ಸ್ಯಾಂಡ್‌ವಿಚ್ ತಳದ, ಹೊರಮುಚ್ಚಳದ ಸ್ಟೀಲ್ ಕುಕ್ಕರಿಗೆ.

ಸ್ಯಾಂಡ್‌ವಿಚ್ ತಳ ಅಂದರೆ ಎರಡು ಸ್ಟೀಲ್ ಪದರದ ನಡುವೆ ಅಲ್ಯುಮಿನಿಯಂ ತಟ್ಟೆ ಇರುವ ತಳ. ಬರೀ ಸ್ಟೀಲ್ ಶಾಖವನ್ನು ಹರಡುವುದಿಲ್ಲ, ಉರಿ ತಗುಲಿದ ಕಡೆಯೇ ಸೀಯುತ್ತದೆ. ಪಾಸ್ತಾ ಬೇಯುವಾಗ ಬಿಡುವ ಗಂಜಿ ತಳದಲ್ಲಿ ಕೂರುವುದರಿಂದ ಇದು ದೊಡ್ಡ ವಿಷಯ. ಸಾದಾ ಅಲ್ಯುಮಿನಿಯಂ ಕುಕ್ಕರಿನಲ್ಲಿ ಶಾಖ ಚೆನ್ನಾಗಿ ಹರಡುತ್ತದೆ, ಬೆಲೆಯೂ ಕಡಿಮೆ. ಆದರೆ ಟೊಮೆಟೊ ಹುಳಿ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರಿಗಂತೂ ಒಳಗೆಲ್ಲ ಕಪ್ಪಾಗುತ್ತದೆ. ಹಾರ್ಡ್ ಅನೋಡೈಸ್ಡ್, ಅಂದರೆ ಮೇಲ್ಮೈಯನ್ನು ಗಟ್ಟಿ ಪದರವಾಗಿಸಿದ ಅಲ್ಯುಮಿನಿಯಂ ಆದರೆ ಹುಳಿಯ ತೊಂದರೆ ಇಲ್ಲ. ಸ್ಟೀಲ್ ಬಿಟ್ಟರೆ ಅದೇ ಸರಿಯಾದ ಎರಡನೇ ಆಯ್ಕೆ.

ಒಳಮುಚ್ಚಳದ ಕುಕ್ಕರ್ ಭದ್ರತೆಯಲ್ಲಿ ಮುಂದು. ಒಳಗಿನ ಒತ್ತಡವೇ ಮುಚ್ಚಳವನ್ನು ರಬ್ಬರಿಗೆ ಒತ್ತಿ ಹಿಡಿಯುವುದರಿಂದ ಆವಿ ಇಳಿಯುವ ತನಕ ತೆಗೆಯಲಿಕ್ಕೇ ಬರುವುದಿಲ್ಲ. ಆದರೆ ಬಾಯಿ ಒಳಕ್ಕೆ ಬಾಗಿರುತ್ತದೆ, ಚೀಸ್ ಹಾಕಿ ಮಗುಚುವಾಗ ಸೌಟು ಅಂಚಿಗೆ ಹೋಗುವುದಿಲ್ಲ. ಹೊರಮುಚ್ಚಳದ್ದಕ್ಕೆ ಬಾಯಿ ಅಗಲ, ತೊಳೆಯಲೂ ಸುಲಭ. ಯಾವುದೇ ಇರಲಿ, ಪ್ರೆಷರ್ ಕುಕ್ಕರಿನ ಭಾರತೀಯ ಮಾನದಂಡವಾದ ಐಎಸ್ 2347 ನಮೂದಿಸಿದ ಐಎಸ್‌ಐ ಗುರುತು ಇಲ್ಲದ್ದನ್ನು ಮನೆಗೆ ತರಬೇಡಿ.

ಅಳತೆಯಲ್ಲೇ ಹೆಚ್ಚಿನವರು ಎಡವುವುದು. ಮೂವರಿಗೆ 250 ಗ್ರಾಂ ಪಾಸ್ತಾ ಬೇಕು. ನೀರು ಸೇರಿ ಸುಮಾರು ಒಂದು ಲೀಟರ್ ಜಾಗ ಹಿಡಿಯುತ್ತದೆ. ಗಂಜಿ ನೊರೆ ಏಳುವ ಪದಾರ್ಥವನ್ನು ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದು. 2 ಲೀಟರಿನದರಲ್ಲಿ ಮಾಡಿದರೆ ಅರ್ಧದ ಗಡಿಗೇ ಬಂದು, ನೊರೆ ವೇಟ್ ಕೆಳಗಿನ ಕೊಳವೆಗೆ ನುಗ್ಗಿ ಒಲೆಯೆಲ್ಲ ಗಲೀಜು. 5 ಲೀಟರಿನದರಲ್ಲಿ ಅದೇ 250 ಗ್ರಾಂ ಹಾಕಿದರೆ ಅಗಲ ತಳದಲ್ಲಿ ನೀರು ತೆಳುವಾಗಿ ಹರಡಿ, ಕೂಗುವ ಮೊದಲೇ ತಳ ಸೀಯುತ್ತದೆ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ರೂಂ ಮಾಡಿಕೊಂಡು ಒಂದೇ ಒಲೆಯಲ್ಲಿ ಅಡುಗೆ ಮಾಡುವ ಕಾಲೇಜು ಹುಡುಗರಿಗೂ 3 ಲೀಟರಿನದೇ ಸರಿ. ಮರುದಿನ ಅನ್ನಕ್ಕೂ ಆಯಿತು.

ಮಾಡುವ ಕ್ರಮ ಹೀಗೆ. ಒಂದು ದೊಡ್ಡ ಚಮಚ ಬೆಣ್ಣೆ ಕಾಯಿಸಿ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಬಾಡಿಸಿ. ಬೆಣ್ಣೆದೋಸೆಯ ಊರಿನಲ್ಲಿ ಆಲಿವ್ ಎಣ್ಣೆ ಹುಡುಕುವ ಅಗತ್ಯವಿಲ್ಲ. ಜಿಡ್ಡು ನೊರೆಯನ್ನೂ ತಗ್ಗಿಸುತ್ತದೆ. 250 ಗ್ರಾಂ ಪೆನ್ನೆ (ಕೊಳವೆಯಾಕಾರದ ಪಾಸ್ತಾ) ಹಾಕಿ ಒಮ್ಮೆ ಹೊರಳಿಸಿ, 550 ಮಿಲಿ ನೀರು, ಮುಕ್ಕಾಲು ಚಮಚ ಉಪ್ಪು ಹಾಕಿ. ನೀರು ಬಸಿಯುವುದಿಲ್ಲವಾದ್ದರಿಂದ ಹಾಕಿದ ಉಪ್ಪೆಲ್ಲ ಅಲ್ಲೇ ಉಳಿಯುತ್ತದೆ, ಚೀಸಿನಲ್ಲೂ ಉಪ್ಪಿದೆ. ಮರದ ಸೌಟಿನಿಂದ ತಳ ಕೆರೆದು ಅಂಟಿದ ಈರುಳ್ಳಿಯನ್ನು ಬಿಡಿಸಿ. ಇದನ್ನು ಬಿಟ್ಟರೆ ಸೀಯುವುದು ಅಲ್ಲಿಂದಲೇ. ಎರಡು ಟೊಮೆಟೊ ರುಬ್ಬಿ ಮೇಲೆ ಸುರಿಯಿರಿ, ಕಲಕಬೇಡಿ. ಕಲಕಿದರೆ ಗಟ್ಟಿ ರಸ ತಳಕ್ಕಿಳಿದು ಹಿಡಿಯುತ್ತದೆ.

ಮುಚ್ಚಳ ಹಾಕಿ ದೊಡ್ಡ ಉರಿಯಲ್ಲಿಡಿ. ಆವಿ ಒಂದೇ ಸಮ ಬಂದ ಮೇಲೆ ವೇಟ್ ಕೂರಿಸಿ, ಒಂದು ಕೂಗು ಆದ ಕೂಡಲೇ ಸಿಮ್ ಮಾಡಿ. ಇಲ್ಲಿಂದ ಕೂಗು ಎಣಿಸುವುದು ಬಿಟ್ಟು ಗಡಿಯಾರ ನೋಡಬೇಕು. ಕೂಗಿನ ಲೆಕ್ಕ ಉರಿಗೆ, ಬರ್ನರಿಗೆ, ನೀರಿಗೆ ತಕ್ಕಂತೆ ಬದಲಾಗುತ್ತದೆ. ಪ್ಯಾಕೆಟ್ ಮೇಲೆ ಬರೆದ ಸಮಯದ ಅರ್ಧ ಮಾಡಿ, ಒಂದೂವರೆ ನಿಮಿಷ ಕಳೆಯಿರಿ: 11 ನಿಮಿಷ ಅಂತಿದ್ದರೆ 4 ನಿಮಿಷ. ಇದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯ ಪಾಸ್ತಾದ ಲೆಕ್ಕ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಮೈದಾ ಮ್ಯಾಕರೋನಿಗೆ ಒಂದು ಕೂಗು ಸಾಕು, ಸಿಮ್ ಬೇಡವೇ ಬೇಡ. ಸ್ಪಾಗೆಟ್ಟಿ ಕುಕ್ಕರಿನಲ್ಲಿ ಕಟ್ಟುಕಟ್ಟಾಗಿ ಅಂಟಿಕೊಳ್ಳುತ್ತದೆ, ಅದನ್ನು ಬಾಣಲೆಗೆ ಬಿಡಿ.

ಒಲೆ ಆರಿಸಿದ ಮೇಲೆ ತಾನಾಗಿಯೇ ಆವಿ ಇಳಿಯಲಿ ಎಂದು ಕೂರಬಾರದು. ಒತ್ತಡದಲ್ಲಿರುವ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖ ಇರುತ್ತದೆ, ಕಾದಷ್ಟು ಹೊತ್ತೂ ಪಾಸ್ತಾ ಬೇಯುತ್ತಲೇ ಇರುತ್ತದೆ. ಕುಕ್ಕರನ್ನು ಸಿಂಕಿನಲ್ಲಿಟ್ಟು ಮೈಮೇಲೆ, ಮುಚ್ಚಳದ ಅಂಚಿಗೆ ತಣ್ಣೀರು ಹರಿಸಿ. ವೇಟಿಗೂ ಸೇಫ್ಟಿ ವಾಲ್ವಿಗೂ ನೀರು ಬೀಳಬಾರದು. ವೇಟ್ ಎತ್ತಿ ಆವಿ ಬಿಡುವುದೂ ಉಂಟು, ಆದರೆ ಪಾಸ್ತಾ ಆದರೆ ಗಂಜಿ ಸಿಡಿಯುತ್ತದೆ, ಕೈ ಸುಡುತ್ತದೆ. ನೀರು ಹರಿಸುವುದೇ ವಾಸಿ. ವೇಟ್ ಸಡಿಲಿಸಿದಾಗ ಸುಯ್ ಎನ್ನುವ ಸದ್ದು ಪೂರ್ತಿ ನಿಂತಿದ್ದರೆ ಮಾತ್ರ ಮುಚ್ಚಳ ತೆಗೆಯಿರಿ.

ತೆಗೆದಾಗ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ. ಗಾಬರಿ ಬೇಡ, ಚೆಲ್ಲಲೂ ಬೇಡ. ಚೀಸನ್ನು ಒಡೆಯದಂತೆ ಹಿಡಿಯುವುದು ಆ ಗಂಜಿನೀರೇ. ಸಣ್ಣಗೆ ಹೆಚ್ಚಿದ ದೊಣ್ಣೆಮೆಣಸಿನಕಾಯಿಯನ್ನು ಈಗ ಹಾಕಬೇಕು, ಮೊದಲೇ ಹಾಕಿದರೆ ಕರಗಿ ಹೋಗುತ್ತದೆ. ಎರಡು ನಿಮಿಷ ಆರಲು ಬಿಟ್ಟು, 25 ಗ್ರಾಮಿನ ನಾಲ್ಕು ಚೀಸ್ ಕ್ಯೂಬ್ ತುರಿದು ಮೂರು ಸಲಕ್ಕೆ ಸೇರಿಸಿ. ಕುದಿಯುವ ಪಾಸ್ತಾಕ್ಕೆ ಹಾಕಿದರೆ ಚೀಸಿನ ಪ್ರೋಟೀನ್ ಬಿಗಿದು, ಜಿಡ್ಡು ಬಿಟ್ಟುಕೊಂಡು ಹರಳು ಹರಳಾಗುತ್ತದೆ. ಸಂಸ್ಕರಿಸಿದ ಕ್ಯೂಬ್ ಚೀಸಿಗೆ ಜಿಡ್ಡು, ನೀರು ಬೇರೆಯಾಗದಂತೆ ಹಿಡಿಯುವ (ಎಮಲ್ಸಿಫೈ ಮಾಡುವ) ಲವಣ ಸೇರಿಸಿರುವುದರಿಂದ ನುಣ್ಣಗೆ ಕರಗುತ್ತದೆ. ಬರೀ ಮೊಝರೆಲ್ಲಾ ಹಾಕಿದರೆ ಉಂಡೆಯಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ. ಎಳೆ ಎಳೆ ಬೇಕೆನ್ನುವವರು ಒಂದು ಕ್ಯೂಬ್ ಕಡಿಮೆ ಮಾಡಿ ಅಷ್ಟೇ ತೂಕದ ಮೊಝರೆಲ್ಲಾ ಕೊನೆಗೆ ಉದುರಿಸಿ. ಕಡೆಯಲ್ಲಿ 100 ಮಿಲಿ ಬಿಸಿ ಹಾಲು, ನಂದಿನಿ ಶುಭಂನಂಥ ಗಟ್ಟಿ ಹಾಲಾದರೆ ಒಳ್ಳೆಯದು. ಹಾಲನ್ನು ಮೊದಲೇ ಹಾಕಿ ಕೂಗಿಸಿದರೆ ಟೊಮೆಟೊ ಹುಳಿಗೆ ಒಡೆಯುತ್ತದೆ, ಉಕ್ಕಿ ಕೊಳವೆಗೂ ಏರುತ್ತದೆ. ಕಾಳುಮೆಣಸು, ಚಿಲ್ಲಿ ಫ್ಲೇಕ್ಸ್ ನಿಮ್ಮ ಬಾಯಿಗೆ ತಕ್ಕಷ್ಟು. ಐದು ನಿಮಿಷದಲ್ಲಿ ಇನ್ನೂ ಗಟ್ಟಿಯಾಗುವುದರಿಂದ ಸ್ವಲ್ಪ ತೆಳುವಾಗಿರುವಾಗಲೇ ತಟ್ಟೆಗೆ ಬಡಿಸಿ.

ತೊಳೆಯುವಾಗ ರಬ್ಬರ್ ಬಿಚ್ಚಿ ಬೇರೆಯಾಗಿ ತೊಳೆಯಿರಿ, ಅದರ ಸಂದಿಯಲ್ಲಿ ಬೆಳ್ಳುಳ್ಳಿ ವಾಸನೆ ಕೂರುತ್ತದೆ. ಆವಿ ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿ. ಒಣಗಿದ ಗಂಜಿ ಅಲ್ಲಿ ಕಟ್ಟಿಕೊಂಡರೆ ಮುಂದಿನ ಸಲ ಆವಿಗೆ ದಾರಿ ಇರುವುದಿಲ್ಲ. ಗಡಸು ನೀರಿನ ಬಿಳಿ ಕಲೆಗೆ ಅರ್ಧ ನಿಂಬೆಹಣ್ಣು ಹಿಂಡಿದ ನೀರು ಕುದಿಸಿದರೆ ಸ್ಟೀಲ್ ಮತ್ತೆ ಹೊಳೆಯುತ್ತದೆ. ಕೊಳ್ಳುವಾಗಲೇ ಅದೇ ಮಾದರಿಯ ಇನ್ನೊಂದು ರಬ್ಬರ್ ತೆಗೆದಿಟ್ಟುಕೊಳ್ಳಿ. ಬೇರೆ ಅಳತೆಯದು ಹಾಕಿದರೆ ಅಂಚಿನಲ್ಲೇ ಆವಿ ಸೋರಿ, ಕೂಗು ಬರುವ ಹೊತ್ತಿಗೆ ಪಾಸ್ತಾ ಬೆಂದು ಮುಗಿದಿರುತ್ತದೆ.