ಹಿರಿಯರನ್ನು ಕೂರಿಸಿ ‘ಟೆನೆಟ್’ ಹಾಕುವ ಮೊದಲು ಇದನ್ನು ಓದಿ

ನಮ್ಮ ಅಪ್ಪ ವಿಜಯಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಹೋದ ತಿಂಗಳು ಒಂದು ರಾತ್ರಿ ಊಟ ಆದಮೇಲೆ ಅವರನ್ನು ಕೂರಿಸಿಕೊಂಡು ಟಿವಿಯಲ್ಲಿ ‘ಟೆನೆಟ್’ ಹಾಕಿದೆ. ದೊಡ್ಡ ತಪ್ಪಾಯಿತು. ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ 2020ರ ಇಂಗ್ಲಿಷ್ ಚಿತ್ರ, ಎರಡೂವರೆ ತಾಸು. ಮುಂದೆ ಹುಟ್ಟಲಿರುವ ಜನ ನಮ್ಮ ಕಾಲದ ಮೇಲೆ ಯುದ್ಧ ಹೂಡಿದ್ದಾರೆ. ವಸ್ತುಗಳ ಎಂಟ್ರೊಪಿ (ಶಾಖ, ಶಕ್ತಿ ಎಷ್ಟು ಚದುರಿದೆ ಅನ್ನುವ ಅಳತೆ) ತಿರುಗಿಸಿ ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಎಂಟ್ರೊಪಿ ಅಂದಕೂಡಲೇ ನನಗೆ ಅಪ್ಪನ ಪಾಠ ನೆನಪಾಯಿತು. ಬಿಸಿ ಚಹಾ ತಾನಾಗಿ ಆರುತ್ತದೆ, ಆರಿದ ಚಹಾ ತಾನಾಗಿ ಬಿಸಿಯಾಗಲ್ಲ ಅಂತ ಕಪ್ಪು ಬಸಿ ಹಿಡಿದೇ ಹೇಳಿಕೊಡುತ್ತಿದ್ದರು. ಡಿಂಪಲ್ ಕಪಾಡಿಯಾ ಇದ್ದಾರೆ, ಮುಂಬೈ ಬರುತ್ತೆ ಅಂದಿದ್ದಕ್ಕೆ ಅವ್ವನೂ ಬಂದು ಕೂತಳು.

ಅರ್ಧ ತಾಸಿನಲ್ಲೇ ಕೆಟ್ಟಿತು. ಸಂಗೀತದ ಅಬ್ಬರದಲ್ಲಿ ಮಾತೇ ಮುಳುಗಿ ಹೋಗುತ್ತದೆ. ಕಾಲದಲ್ಲಿ ಹಿಂದಕ್ಕೆ ಹೋಗುವವರಿಗೆ ನಮ್ಮ ಗಾಳಿ ಉಸಿರಾಡಲು ಬರಲ್ಲ, ಅದಕ್ಕೆ ಮಾಸ್ಕ್. ಮಾತೂ ಅದರೊಳಗಿಂದಲೇ! ನಾನು ಸಬ್‌ಟೈಟಲ್ ಹಾಕಿರಲಿಲ್ಲ. ಅಪ್ಪ ಸೌಂಡ್ ಜಾಸ್ತಿ ಮಾಡಿದರು, ಗುಂಡಿನ ಸದ್ದಿಗೆ ಬೆಚ್ಚಿ ಕಡಿಮೆ ಮಾಡಿದರು, ಮತ್ತೆ ಜಾಸ್ತಿ ಮಾಡಿದರು. ಕೊನೆಯ ಕಾಳಗದಲ್ಲಿ ಕೆಂಪು ತಂಡ ಕಾಲದಲ್ಲಿ ಮುಂದಕ್ಕೆ, ನೀಲಿ ತಂಡ ಹಿಂದಕ್ಕೆ, ಎರಡೂ ಅದೇ ಹತ್ತು ನಿಮಿಷದಲ್ಲಿ. ಅಷ್ಟೊತ್ತಿಗೆ ಅಪ್ಪ ಟಿವಿ ಕಡೆ ನೋಡುವುದನ್ನೇ ಬಿಟ್ಟಿದ್ದರು.

“ನನ್ನ ಕಿವಿ ಹೋದುವಪಾ. ತಲೀನೂ ಮೊದಲಿನಂಗ ಓಡವಲ್ದು,” ಅಂದರು.

ಕರುಳು ಹಿಂಡಿದಂತಾಯಿತು. ತಪ್ಪು ಅವರ ಕಿವಿಯದಲ್ಲ. ಮಾತು ಕೇಳಿಸಲ್ಲ ಅಂತ ಚಿತ್ರ ಬಂದಾಗಲೇ ಎಷ್ಟೋ ಜನ ದೂರಿದ್ದರು. ನನಗೆ ಗೊತ್ತಾಗಿದ್ದು ಮರುದಿನ.

ಒಂದು ದೃಶ್ಯ ನೆನೆದರೆ ಈಗಲೂ ಸಂಕಟ. ಹಿಂದಕ್ಕೆ ಹೋಗುತ್ತಿರುವ ನಾಯಕ ಉರಿಯುವ ಕಾರಿನಲ್ಲಿ ಸಿಕ್ಕಿಬೀಳುತ್ತಾನೆ. ಅವನ ಮೈ ಸುಡುವುದಿಲ್ಲ, ಚಳಿಗೆ ಹೆಪ್ಪುಗಟ್ಟಿದಂತಾಗುತ್ತದೆ. ಶಾಖ ಹರಿಯುವ ದಿಕ್ಕೇ ತಿರುಗಿದೆ ನೋಡಿ. ಅಪ್ಪನ ಚಹಾದ ಪಾಠವೇ ಅದು, ಅಲ್ವಾ? ಅವರಿಗಾಗಿಯೇ ಮಾಡಿದಂತಿದ್ದ ಆ ದೃಶ್ಯ ಸುಮ್ನೆ ದಾಟಿಹೋಯಿತು.

ದೊಡ್ಡ ಆಸೆಯಿಂದ ಮಾಡಿದ ಚಿತ್ರ, ಒಪ್ಪುತ್ತೇನೆ. ಆದರೆ ಗಂಟಿನ ಮೇಲೆ ಗಂಟು. ಸಬ್‌ಟೈಟಲ್ ಇಲ್ಲದೆ ಹಾಕಲೇಬೇಡಿ. ಮೊದಲು ನೀವೊಬ್ಬರೇ ನೋಡಿ. ಆಮೇಲೆ ಹಿರಿಯರನ್ನು ಕರೆಯಿರಿ, ಹಗಲು ಹೊತ್ತಿನಲ್ಲಿ, ನಡುನಡುವೆ ನಿಲ್ಲಿಸಿ ಮಾತಾಡುತ್ತಾ.

ಮೊನ್ನೆ ಆ ಕಾರಿನ ದೃಶ್ಯ ಒಂದನ್ನೇ ಹಾಕುತ್ತೇನೆ, ನೋಡಿ ಅಂದೆ.

“ಬ್ಯಾಡ ಬಿಡಪಾ,” ಅಂದರು ಅಪ್ಪ.